ಕಲ್ಲುಂಟು, ಹೆಸರಿಲ್ಲ

ಹಿರೇಬೆಣಕಲ್ಲಿನ ಶಿಲಾಸಮಾಧಿ, ಅಥೆನ್ಸಿನ ಕುಂಬಾರರ ಕೇರಿ ಮತ್ತು ಹುಬ್ಬಳ್ಳಿಯ ಮಣ್ಣು

ಕಮರಿಪೇಟೆಯಂಥ ಹಳೇ ಓಣಿಯಲ್ಲಿ ಯಾರಾದರೂ ತೀರಿಕೊಂಡ ಸುದ್ದಿ ಬಂದರೆ ‘ಏನಾಗಿತ್ತಂತ’ ಎಂಬುದರ ಬೆನ್ನಿಗೇ ಬರುವ ಪ್ರಶ್ನೆ ‘ಮಣ್ಣು ಎಷ್ಟಕ್ಕರೀ?’. ಬೆಂಗಳೂರಿನಿಂದ ಮಗ ಹೊರಟಿರುತ್ತಾನೆ, ಬೆಳಗಾವಿಯ ಬೀಗರು ದಾರಿಯಲ್ಲಿರುತ್ತಾರೆ. ‘ನಾಕಕ್ಕ ಅಂದಾರ್ರೀ’ ಎಂಬ ಉತ್ತರ ಕಟ್ಟೆಯಿಂದ ಕಟ್ಟೆಗೆ, ಈಗೀಗ ವಾಟ್ಸ್ಆ್ಯಪಿನಲ್ಲಿ, ಹರಿದಾಡುತ್ತದೆ. ಸಾವಜಿ ಖಾನಾವಳಿಯವರು, ಕಿರಾಣಿ ಅಂಗಡಿಯವರು ಒಂದು ತಾಸು ಬಾಗಿಲು ಎಳೆದುಕೊಂಡು ಹೋಗಿ ಬರುತ್ತಾರೆ. ಸುಡುವ ಮನೆಯಾಗಲಿ, ಹೂಳುವ ಮನೆಯಾಗಲಿ, ಹುಬ್ಬಳ್ಳಿ ಮಂದಿ ಹೋಗುವುದು ಮಣ್ಣಿಗೇ.

ಒಂದೇ ಊರಿನೊಳಗೆ ಈ ಕೆಲಸ ಎಷ್ಟು ಬಗೆಯಲ್ಲಿ ನಡೆಯುತ್ತದೆ ನೋಡಿ. ಒಬ್ಬರಿಗೆ ಕಟ್ಟಿಗೆಯ ಚಿತೆ, ಮೂರನೇ ದಿನ ಅಸ್ಥಿ ಆರಿಸುವುದು. ಇನ್ನೊಬ್ಬರನ್ನು ಬಿಳಿ ಕಫನ್ನಿನಲ್ಲಿ ಸುತ್ತಿ, ಬಲಮಗ್ಗುಲಿಗೆ, ಪಶ್ಚಿಮಕ್ಕೆ ಮುಖ ಮಾಡಿ ಮಲಗಿಸುತ್ತಾರೆ. ಮತ್ತೊಬ್ಬರಿಗೆ ಪೆಟ್ಟಿಗೆ, ಶಿಲುಬೆ. ಲಿಂಗಾಯತರು ಕುಳ್ಳಿರಿಸಿ ಹೂಳುತ್ತಾರೆ. ಸುಡುವ ಜಾತಿಗಳಲ್ಲೂ ಹಲ್ಲು ಮೂಡದ ಕೂಸಿಗೆ ಮಣ್ಣೇ ಗತಿ. 1884ರಲ್ಲಿ ಪ್ರಕಟವಾದ ಮುಂಬೈ ಪ್ರಾಂತದ ಗೆಜೆಟಿಯರಿನ ಧಾರವಾಡ ಸಂಪುಟ, ಹತ್ತಿ ಜೋಳದ ಲೆಕ್ಕದ ನಡುವೆಯೇ, ಜಾತಿ ಜಾತಿಯ ಸಾವಿನ ಕ್ರಮಗಳನ್ನು ಬರೆದಿಟ್ಟಿದೆ. ಸಾಹೇಬರಿಗೆ ಅದರಲ್ಲಿ ಕಂಡದ್ದು ವೈಚಿತ್ರ್ಯ. ನಮಗದು ನಿತ್ಯದ ಸಂಗತಿ.

ಇವುಗಳಲ್ಲಿ ಕೈಚಳಕ ಬೇಡುವುದು ಕುಳ್ಳಿರಿಸುವ ಪದ್ಧತಿ. ಉಸಿರು ನಿಂತ ಮೇಲೆ ಕೈಕಾಲು ಸೆಟೆಯುವುದರೊಳಗೆ ಕೆಲಸ ಮುಗಿಯಬೇಕು. ಇದನ್ನು ಬಲ್ಲ ಹಿರಿಯರು ಓಣಿಗೊಬ್ಬರು ಇರುತ್ತಾರೆ. ‘ಇನ್ನ ತಡಾ ಮಾಡಬ್ಯಾಡ್ರಿ, ಕುಂದ್ರಸೂಣು’ ಎನ್ನುತ್ತ ಅಳುವವರನ್ನು ಮೆಲ್ಲಗೆ ಸರಿಸಿ ಮುಂದಾಗುತ್ತಾರೆ. ಮೈ ತೊಳೆಸಿ, ಕಾಲು ಮಡಚಿ, ಗೋಡೆಗೆ ಒರಗಿಸಿ, ಎದೆಗೊಂದು ಗದ್ದಕ್ಕೊಂದು ಬಟ್ಟೆ ಬಿಗಿದು ತಲೆ ವಾಲದಂತೆ ನೋಡಿಕೊಳ್ಳುತ್ತಾರೆ. ಹಣೆಗೆ ಮೂರು ಬೆರಳಿನ ವಿಭೂತಿ, ಬಾಯಿಗೆ ಎಲಿ ಅಡಕಿ, ಕೊರಳಿಗೆ ಹೂವಿನ ಹಾರ. ಹೊಸಬರು ಒಳಗೆ ಕಾಲಿಟ್ಟರೆ ಯಜಮಾನ ಪಡಸಾಲೆಯಲ್ಲಿ ಕುಳಿತು ಬಂದವರ ಮಾತು ಕೇಳುತ್ತಿದ್ದಾನೇನೋ ಅನ್ನಿಸಬೇಕು, ಹಾಗೆ. ರಾತ್ರಿಯಾದರೆ ಭಜನೆಯವರು ತಾಳ, ದಮಡಿ ಹಿಡಿದು ಬರುತ್ತಾರೆ. ಚಹಾದ ಕಿಟ್ಲಿ ತಿರುಗುತ್ತಲೇ ಇರುತ್ತದೆ.

ಮರುದಿನ ಬಿದಿರು, ಬಾಳೆದಿಂಡು, ಚೆಂಡುಹೂವಿನ ವಿಮಾನ. ಅದನ್ನು ಹೆಗಲ ಮೇಲೆ ಹೊರುವ ಕಾಲ ಹೋಗಿ ಟ್ರ್ಯಾಕ್ಟರಿನ ಟ್ರೇಲರು ಬಂದಿದೆ, ಆದರೂ ಕುಳಿತವರು ಕುಳಿತೇ ಹೋಗುತ್ತಾರೆ. ದಾರಿಯುದ್ದಕ್ಕೂ ಚುರಮರಿ, ಚಿಲ್ಲರೆ ತೂರುತ್ತಾರೆ. ರುದ್ರಭೂಮಿಯಲ್ಲಿ ಕುಣಿ ತಯಾರಿರುತ್ತದೆ. ಅದರ ಒಂದು ಗೋಡೆಯಲ್ಲಿ ಕೊರೆದ ಗೂಡಿನೊಳಗೆ ದೇಹ ಕೂರುತ್ತದೆ. ಇಷ್ಟಲಿಂಗ ಜೊತೆಗೇ ಹೋಗುತ್ತದೆ. ಅಯ್ಯನವರು ಮಂತ್ರ ಹೇಳಿ ವಿಭೂತಿ, ಬಿಲ್ವಪತ್ರೆ ಇಡಿಸುತ್ತಾರೆ, ನೆರೆದವರು ಹಿಡಿ ಹಿಡಿ ಮಣ್ಣು ಹಾಕುತ್ತಾರೆ. ಲಿಂಗವಂತನಿಗೆ ಸೂತಕವಿಲ್ಲ ಎಂಬುದು ಬಸವಣ್ಣನ ಕಾಲದಿಂದ ಬಂದ ಮಾತು. ಆದರೆ ರುದ್ರಭೂಮಿಯಿಂದ ಮರಳಿದವರು ಸೀದಾ ಬಚ್ಚಲಿಗೆ ಹೋಗುವುದನ್ನು ಆ ಮಾತೂ ತಪ್ಪಿಸಿಲ್ಲ.

ಇಷ್ಟೆಲ್ಲ ಆದ ಮೇಲೆ ಉಳಿಯುವುದು ಒಂದು ಮಣ್ಣಿನ ಗುಡ್ಡೆ. ಎರಡು ಮಳೆಗಾಲ ಕಳೆದರೆ ಅದೂ ಇಲ್ಲ. ಕಲ್ಲು ಏಳುವುದು ಸ್ವಾಮಿಗಳಿಗೆ, ಶರಣರಿಗೆ: ಮೂರುಸಾವಿರ ಮಠದಲ್ಲಿ ಗದ್ದುಗೆಗಳುಂಟು, 1929ರಲ್ಲಿ ದೇಹ ಬಿಟ್ಟ ಸಿದ್ಧಾರೂಢರ ಸಮಾಧಿಗೆ ಇಂದಿಗೂ ನಿತ್ಯ ಪೂಜೆಯುಂಟು, ಊರಿನ ರೈಲು ನಿಲ್ದಾಣಕ್ಕೇ ಅವರ ಹೆಸರುಂಟು. ಸಾಮಾನ್ಯರ ಹೆಸರು ಮನೆಯ ಗೋಡೆಯ ಫೋಟೋದ ಕೆಳಗೆ ಎರಡು ತಲೆಮಾರು ಉಳಿದರೆ ದೊಡ್ಡದು. ಯಾರಿಗೆ ಕಲ್ಲು, ಯಾರಿಗೆ ಹೆಸರು ಎಂಬ ಈ ಹಂಚಿಕೆಯನ್ನು ಹಿಡಿದುಕೊಂಡು ಅದೇ ಸಿದ್ಧಾರೂಢರ ನಿಲ್ದಾಣದಿಂದ ರೈಲು ಹತ್ತಿ, ಗದಗ ದಾಟಿ, ಕೊಪ್ಪಳದ ಕಡೆ ಹೊರಟರೆ ಲೆಕ್ಕ ತಲೆಕೆಳಗಾಗುವ ಜಾಗವೊಂದು ಸಿಗುತ್ತದೆ.

ಮೋರ್ಯರ ಮನೆಗಳು

ಗಂಗಾವತಿಯಿಂದ ಪಶ್ಚಿಮಕ್ಕೆ ಹತ್ತು ಕಿಲೋಮೀಟರು ಹಿರೇಬೆಣಕಲ್. ಊರ ಹೊರಗಿನಿಂದ ಬಂಡೆಗಳ ಮೇಲೆ ಎರಡೂವರೆ ಕಿಲೋಮೀಟರು ಏರಬೇಕು. ಮೊದಲು ಅಲ್ಲೊಂದು ಇಲ್ಲೊಂದು ಮೊಣಕಾಲೆತ್ತರದ ಕಲ್ಲುಗೂಡು ಕಾಣುತ್ತದೆ. ಆಮೇಲೆ ಗುಡ್ಡದ ನೆತ್ತಿಯ ಬಯಲು ತೆರೆದುಕೊಂಡಾಗ ಸಾಲು ಸಾಲು ಕಲ್ಲಿನ ಕೋಣೆಗಳು. ಮೂರು ಚಪ್ಪಡಿ ಗೋಡೆ, ಎದುರಿಗೊಂದು ಚಪ್ಪಡಿ, ಮೇಲೊಂದು ಮುಚ್ಚಳ. ಕೆಲವು ಮನುಷ್ಯನ ಎತ್ತರವನ್ನೂ ಮೀರಿ ಎರಡೂವರೆ ಮೀಟರಿಗೆ ಏರಿವೆ. ಇಪ್ಪತ್ತು ಹೆಕ್ಟೇರಿನಷ್ಟು ಜಾಗದಲ್ಲಿ ಸುಮಾರು 400 ಶಿಲಾಸಮಾಧಿಗಳು. ಕಾಲ ಕ್ರಿಸ್ತಪೂರ್ವ 800ರಿಂದ 200ರ ನಡುವೆ.

ಎದುರಿನ ಚಪ್ಪಡಿಯಲ್ಲಿ ದುಂಡನೆಯ ಒಂದು ಕಿಂಡಿ. ಹುಡುಗರು ನುಸುಳಬಹುದು, ದೊಡ್ಡವರು ಉಸಿರು ಬಿಗಿಹಿಡಿಯಬೇಕು. ಇದನ್ನೇ ಬಾಗಿಲೆಂದು ತಿಳಿದ ಸುತ್ತಲಿನ ಹಳ್ಳಿಗರು ಇವನ್ನು ಮೋರ್ಯರ ಮನೆಗಳು ಎನ್ನುತ್ತಾರೆ, ಮೋರ್ಯರೆಂದರೆ ಗಿಡ್ಡ ಆಳುಗಳು ಎನ್ನುತ್ತಾರೆ. ಕಿಂಡಿಯ ಅಳತೆಗೆ ಜನರನ್ನೇ ಸೃಷ್ಟಿಸಿದ ಈ ಕಥೆಯಲ್ಲಿ ಒಂದು ನ್ಯಾಯವಿದೆ. ಮನೆಯೆಂದ ಮೇಲೆ ಅದಕ್ಕೊಬ್ಬ ಯಜಮಾನ ಬೇಡವೆ? 400 ಸಮಾಧಿಗಳಲ್ಲಿ ಒಂದರ ಮೇಲೂ ಅಕ್ಷರವಿಲ್ಲ, ಗುರುತಿಲ್ಲ. ಕಟ್ಟಿದವರಿಗೆ ಬರವಣಿಗೆ ಇರಲಿಲ್ಲ. ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳ ಬಂಡೆಗಳ ಮೇಲೆ ಅಶೋಕನ ಶಾಸನ ಬಂದದ್ದು ಕ್ರಿಸ್ತಪೂರ್ವ ಮೂರನೇ ಶತಮಾನದಲ್ಲಿ. ಅಷ್ಟರೊಳಗೆ ಈ ಗುಡ್ಡದ ಕೆಲಸ ಬಹುಪಾಲು ನಡೆದುಹೋಗಿತ್ತು.

ಒಂದು ಮುಚ್ಚಳದ ಚಪ್ಪಡಿಯ ಪಕ್ಕ ನಿಂತು ಸುಮ್ಮನೆ ಲೆಕ್ಕ ಹಾಕಿ. ಉದ್ದ ಮೂರು ಮೀಟರು, ಅಗಲ ಮೂರು ಮೀಟರು, ದಪ್ಪ ಒಂದು ಗೇಣು ಎಂದಿಟ್ಟುಕೊಂಡರೂ ತೂಕ ಐದು ಟನ್ನು ದಾಟುತ್ತದೆ. ಗ್ರಾನೈಟು ಬಿಸಿಲು ಮಳೆಗೆ ತಾನೇ ಪದರಪದರವಾಗಿ ಬಿಡುತ್ತದೆ. ಆ ಪದರ ಹಿಡಿದು ಎಬ್ಬಿಸಿ, ಅಂಚನ್ನು ಕುಟ್ಟಿ ಕುಟ್ಟಿ ದುಂಡಗೆ ಮಾಡಿದ್ದಾರೆ. ಚಕ್ಕೆ ಎದ್ದ ಗುರುತು ಅಂಚಿನುದ್ದಕ್ಕೂ ಕೈಗೆ ಸಿಗುತ್ತದೆ. ಕಲ್ಲು ತೆಗೆದ ತಗ್ಗಿನಲ್ಲೇ ನೀರು ನಿಂತು ಕೆರೆಯಾಗಿದೆ, ಬೇಸಗೆಯಲ್ಲೂ ಬತ್ತುವುದಿಲ್ಲ. ಅಲ್ಲಿಂದ ಇಲ್ಲಿಗೆ ಇದನ್ನು ಸರಿಸಿ, ನೆಟ್ಟ ಗೋಡೆಗಳ ಮೇಲೆ ಏರಿಸಬೇಕಾದರೆ ಒಂದು ಮನೆಯವರ ಕೈಲಾಗುವ ಮಾತಲ್ಲ, ಒಂದು ಊರೇ ಬೇಕು. ಆ ಮಂದಿಗೆ ಊಟ ಹಾಕುವವರು ಬೇಕು, ‘ಎತ್ತು’ ಎಂದು ಕೂಗುವವನು ಬೇಕು. ಹತ್ತಿರದಲ್ಲೇ ವಾಸದ ಕುರುಹುಗಳು, ಮಡಕೆ ಚೂರು, ಕಬ್ಬಿಣದ ಕಿಟ್ಟ ಸಿಕ್ಕಿವೆ. ಆದರೆ ಬದುಕಿದ್ದವರ ಮನೆ ಒಂದೂ ನಿಂತಿಲ್ಲ. ತಮಗೆ ಮಣ್ಣು, ತಟ್ಟಿ, ಸತ್ತವರಿಗೆ ಗ್ರಾನೈಟು.

ಸತ್ತವರೆಲ್ಲರಿಗೂ ಎಂದು ಮಾತ್ರ ಹೇಳಲಾಗದು. ಆರು ಶತಮಾನಕ್ಕೆ 400 ಎಂದರೆ ಒಂದೂವರೆ ವರ್ಷಕ್ಕೊಂದು ಕಲ್ಲುಕೋಣೆ. ಒಂದರೊಳಗೆ ಹಲವರ ಮೂಳೆ ಸೇರಿಸುವ ರೂಢಿ ಇದ್ದರೂ ಊರಿನ ಎಲ್ಲ ಸಾವೂ ಇದರೊಳಗೆ ಹಿಡಿಸುವುದಿಲ್ಲ. ಉಳಿದವರು ಮಣ್ಣಿಗೇ ಹೋಗಿರಬೇಕು.

ಗುಡ್ಡದ ಮೇಲೆ ಇನ್ನೊಂದು ವಸ್ತುವಿದೆ: ಹತ್ತು ಮೀಟರು ಎತ್ತರದ ಬಂಡೆಯ ತುದಿಯಲ್ಲಿ ಎರಡು ಮೀಟರು ಅಡ್ಡಳತೆಯ ಅರೆಗೋಳದ ಕಲ್ಲು. ಮರದ ಕೊಡತಿಯಿಂದ ಬಡಿದರೆ ನಗಾರಿಯಂತೆ ನುಡಿಯುತ್ತದೆ, ಕಿಲೋಮೀಟರು ದೂರ ಕೇಳುತ್ತದೆ. ಸಾವಿನ ಸುದ್ದಿ ಸಾರಲಿಕ್ಕೋ, ಮಂದಿ ಕೂಡಿಸಲಿಕ್ಕೋ, ಊಹೆಗೆ ಬಿಟ್ಟದ್ದು. ನಮ್ಮ ಕಡೆ ಇಂದಿಗೂ ಹಲಗೆಯ ಸದ್ದು ಕೇಳಿದರೆ ಅಡುಗೆಮನೆಯಿಂದ ಹೆಂಗಸರು ಹೊರಗೆ ಬಂದು ‘ಯಾರದು’ ಎಂದು ಕೇಳುತ್ತಾರಾದ್ದರಿಂದ ನನಗೆ ಮೊದಲನೆಯ ಊಹೆಯೇ ಹಿಡಿಸುತ್ತದೆ.

ಮೆಡೋಸ್ ಟೇಲರ್ ಎಂಬ ಕಾದಂಬರಿಕಾರ, ವೀಲರ್ ಎಂಬ ಸೇನಾಧಿಕಾರಿ

ಈ ಗುಡ್ಡವನ್ನು ಕಾಗದಕ್ಕೆ ತಂದವರಲ್ಲಿ ಮೊದಲಿಗ ಫಿಲಿಪ್ ಮೆಡೋಸ್ ಟೇಲರ್, 1835ರಲ್ಲಿ. ಠಕ್ಕರ ಕಥೆ ಬರೆದು 1839ರಲ್ಲಿ ಇಂಗ್ಲೆಂಡಿನ ಓದುಗರನ್ನು ನಡುಗಿಸಿದ ಅದೇ ಟೇಲರ್. ನಿಜಾಮನ ನೌಕರಿಯಲ್ಲಿದ್ದು, ಮುಂದೆ ಸುರಪುರದಲ್ಲಿ ಬಾಲಕ ದೊರೆ ವೆಂಕಟಪ್ಪ ನಾಯಕನ ಹೆಸರಿನಲ್ಲಿ ಆಡಳಿತ ನೋಡಿದವನು. ಸುರಪುರದ ಸುತ್ತಲ ರಾಜನಕೋಳೂರು, ಹಗರಟಗಿ, ಜೇವರ್ಗಿಗಳಲ್ಲಿ ಇಂಥ ಸಮಾಧಿಗಳನ್ನು ಹುಡುಕಿದ, ಕೆಲವನ್ನು ಅಗೆಸಿದ. ಜೇವರ್ಗಿಯಲ್ಲಿ ಮುಂಡದಿಂದ ಬೇರೆಯಾದ ತಲೆಬುರುಡೆ ಕಂಡು ನರಬಲಿ ಇರಬೇಕೆಂದ. ಇವೆಲ್ಲ ಬ್ರಿಟನ್ನಿನ ಕೆಲ್ಟರ, ಇಲ್ಲವೆ ಸಿಥಿಯನ್ನರ ಬಳಗದವರ ಕೆಲಸ ಎಂಬುದು ಅವನ ಖಚಿತ ನಂಬಿಕೆ. ಕಲ್ಲು ಎತ್ತಿದವರ ಮೊಮ್ಮಕ್ಕಳು ಅದೇ ಹೊಲದಲ್ಲಿ ಜೋಳ ಬಿತ್ತುತ್ತಿರಬಹುದು ಎಂಬುದು ಅವನಿಗೆ ಹೊಳೆಯಲಿಲ್ಲ. ಆದರೆ ಅಗೆದ ಗುಂಡಿಯ ಪದರಗಳನ್ನು ಅಚ್ಚುಕಟ್ಟಾಗಿ ಬರೆದಿಟ್ಟ. ನೂರು ವರ್ಷದ ಮೇಲೆ ಬಂದ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅದನ್ನು ಮೆಚ್ಚಿಕೊಂಡರು. ವೀಲರ್ ಸುಮ್ಮನೆ ಯಾರನ್ನೂ ಮೆಚ್ಚುವವರಲ್ಲ.

ವೀಲರ್ ಅಗೆದದ್ದು ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿಯನ್ನು, 1947ರಲ್ಲಿ. ಅಲ್ಲಿನ ಮುನ್ನೂರರಷ್ಟು ಸಮಾಧಿಗಳಲ್ಲಿ ಹತ್ತನ್ನು ಆರಿಸಿಕೊಂಡರು. ಕಲ್ಲುಪೆಟ್ಟಿಗೆಗಳ ಕಿಂಡಿ ಪೂರ್ವಕ್ಕಿತ್ತು. ಒಳಗೆ ಹಲವರ ಮೂಳೆಗಳು ಒಟ್ಟಿಗಿದ್ದವು. ಜೊತೆಗೆ ಕಪ್ಪು-ಕೆಂಪು ಮಡಕೆ, ಕಬ್ಬಿಣದ ಸಾಮಾನು. ಸುತ್ತ ಕಲ್ಲು ಜೋಡಿಸಿದ ಗುಂಡಿಗಳಲ್ಲಿ ಮೂಳೆಯೇ ಸಿಗಲಿಲ್ಲ. ದೇಹವನ್ನು ಮೊದಲು ಆ ಗುಂಡಿಯಲ್ಲಿ ಬಯಲಿಗಿಟ್ಟು, ಮಾಂಸ ಕಳೆದ ಮೇಲೆ ಮೂಳೆ ಆರಿಸಿ ಕಲ್ಲುಪೆಟ್ಟಿಗೆಗೆ ಸೇರಿಸುತ್ತಿದ್ದಿರಬೇಕು ಎಂದು ವೀಲರ್ ತರ್ಕಿಸಿದರು. ಹಾಗಾದರೆ ಕಿಂಡಿ ಏಕೆಂಬುದಕ್ಕೂ ಒಂದು ಉತ್ತರ ಸಿಕ್ಕಂತಾಯಿತು: ಮುಚ್ಚಳ ಎತ್ತದೆ ಇನ್ನೊಬ್ಬರನ್ನು ಸೇರಿಸಲಿಕ್ಕೆ, ಎಡೆ ಇಡಲಿಕ್ಕೆ.

ಇವುಗಳ ವಯಸ್ಸು ಗೊತ್ತಾದ ಬಗೆ ಇನ್ನೂ ಸೊಗಸು. ಬ್ರಹ್ಮಗಿರಿಯ ಮೇಲಿನ ಪದರದಲ್ಲಿ ಸಿಕ್ಕ ಒಂದು ಜಾತಿಯ ಮಡಕೆ ಪುದುಚೇರಿ ಬಳಿಯ ಅರಿಕಮೇಡಿನಲ್ಲಿ ಇಟಲಿಯಿಂದ ಹಡಗಿನಲ್ಲಿ ಬಂದ ತಟ್ಟೆಗಳ ಜೊತೆ ಸಿಕ್ಕಿತ್ತು. ಇಟಲಿಯ ತಟ್ಟೆಯ ಕಾಲ ಗೊತ್ತಿತ್ತು. ಹಾಗಾಗಿ ಮೆಡಿಟರೇನಿಯನ್ ಅಡುಗೆಮನೆಯ ತಟ್ಟೆ ನಮ್ಮ ಪೂರ್ವಜರ ಗೋರಿಗೆ ತಾರೀಖು ಹಾಕಿತು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮನ್ ನಾಣ್ಯಗಳೂ ಸಿಕ್ಕಿದ್ದವು. ವೀಲರ್ ಈ ಲೆಕ್ಕದಲ್ಲಿ ಸಮಾಧಿಗಳನ್ನು ಕ್ರಿಸ್ತಪೂರ್ವ 200ರ ಈಚೆಗೆ ಇಟ್ಟರು. ಮುಂದೆ ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ ಎಂ.ಎಸ್. ನಾಗರಾಜರಾವ್ ನಡೆಸಿದ ಉತ್ಖನನದ ಇಂಗಾಲದ ಪರೀಕ್ಷೆ, ಕಬ್ಬಿಣ ನಮ್ಮಲ್ಲಿಗೆ ಕ್ರಿಸ್ತಪೂರ್ವ 1000ದ ಹೊತ್ತಿಗೇ ಬಂದಿತ್ತೆಂದು ತೋರಿಸಿ ಆ ತಾರೀಖನ್ನು ನೂರಾರು ವರ್ಷ ಹಿಂದಕ್ಕೆ ದೂಡಿತು.

ಹಿರೇಬೆಣಕಲ್ ಸೇರಿ ಉತ್ತರ ಕರ್ನಾಟಕದ ಕಲ್ಲುಕೋಣೆಗಳನ್ನೆಲ್ಲ ಊರೂರು ಅಲೆದು, ಅಳೆದು, ನಮೂನೆವಾರು ಬಿಡಿಸಿಟ್ಟವರು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಅ. ಸುಂದರ. ಅವರ ಪುಸ್ತಕ 1975ರಲ್ಲಿ ಬಂತು. ಈ ವಿಷಯಕ್ಕೆ ಕೈಹಾಕುವವರು ಇಂದಿಗೂ ಅದನ್ನು ಬದಿಗಿಟ್ಟು ಮುಂದೆ ಹೋಗಲಾರರು. ಧಾರವಾಡದಲ್ಲಿ ಎಷ್ಟು ಮಂದಿಗೆ ಅವರ ಹೆಸರು ಗೊತ್ತು ಎಂದು ಕೇಳಬೇಡಿ.

ಅದೇ ಹೊತ್ತಿಗೆ ಅಥೆನ್ಸಿನಲ್ಲಿ

ಹಿರೇಬೆಣಕಲ್ಲಿನಲ್ಲಿ ಚಪ್ಪಡಿ ಏಳುತ್ತಿದ್ದ ಆ ಶತಮಾನಗಳಲ್ಲೇ ಗ್ರೀಸಿನ ಅಥೆನ್ಸ್ ತನ್ನ ಸತ್ತವರಿಗೆ ಮಾಡುತ್ತಿದ್ದ ಏರ್ಪಾಟು ಬೇರೆ ತೆರನಾದದ್ದು. ಊರಿನ ಗೋಡೆಯೊಳಗೆ ಹೂಳುವಂತಿರಲಿಲ್ಲ. ವಾಯವ್ಯದ ಡಿಪಿಲಾನ್ ಹೆಬ್ಬಾಗಿಲಿನ ಹೊರಗೆ, ಎರಿಡಾನೊಸ್ ಹಳ್ಳದ ದಂಡೆಗೆ, ಕುಂಬಾರರ ಕೇರಿಯಿತ್ತು. ಅದೇ ಕೆರಮೈಕೋಸ್. ಊರಿಗೆ ಬರುವ ರಸ್ತೆಯ ಎರಡೂ ಬದಿಗೆ ಗೋರಿಗಳು. ಅಥೆನ್ಸಿಗೆ ಕಾಲಿಡುವವನು ಮೊದಲು ಸತ್ತವರನ್ನು ದಾಟಿಯೇ ಬದುಕಿದವರನ್ನು ಕಾಣಬೇಕು. ಮಣ್ಣಿನಡಿ ಹೂತುಹೋಗಿದ್ದ ಈ ಜಾಗ 1860ರ ದಶಕದ ಆರಂಭದಲ್ಲಿ ರಸ್ತೆ ಕೆಲಸದ ನಡುವೆ ಬೆಳಕಿಗೆ ಬಂತು. 1913ರಿಂದ ಜರ್ಮನಿಯ ಪುರಾತತ್ವ ಸಂಸ್ಥೆ ಅಗೆಯುತ್ತಲೇ ಇದೆ.

ಅವರ ಕ್ರಮ ಓದಿದರೆ ನಮ್ಮ ಓಣಿಯವರು ಬಹಳ ಬೆರಗಾಗಲಿಕ್ಕಿಲ್ಲ. ಮನೆಯ ಹೆಂಗಸರು ದೇಹ ತೊಳೆದು, ಎಣ್ಣೆ ಹಚ್ಚಿ, ಮಂಚದ ಮೇಲೆ ಮಲಗಿಸಿ ಒಂದು ದಿನ ದರ್ಶನಕ್ಕಿಡುವರು. ಕ್ರಿಸ್ತಪೂರ್ವ 750ರ ಸುಮಾರಿನ ಆಳೆತ್ತರದ ಡಿಪಿಲಾನ್ ಹೂಜಿಯ ಹೊಟ್ಟೆಯ ಮೇಲೆ ಇದೇ ಚಿತ್ರ: ನಡುವೆ ಮಂಚ, ಸುತ್ತ ಎರಡೂ ಕೈ ತಲೆಗೆ ಹೊತ್ತು ಅಳುವವರ ಸಾಲು. ಮನೆಯ ಬಾಗಿಲಲ್ಲಿ ಒಂದು ಪಾತ್ರೆ ನೀರು, ಅದೂ ಬೇರೆ ಮನೆಯಿಂದ ತಂದದ್ದು. ನೋಡಲು ಬಂದವರು ಹೋಗುವಾಗ ಚಿಮುಕಿಸಿಕೊಳ್ಳಲಿಕ್ಕೆ. ಮೂರನೇ ದಿನ ಹೊತ್ತು ಮೂಡುವ ಮೊದಲೇ ಮೆರವಣಿಗೆ. ಸತ್ತವರ ನದಿ ದಾಟಿಸುವ ಅಂಬಿಗ ಕೇರೋನನಿಗೆ ಕೊಡಲು ಬಾಯೊಳಗೊಂದು ಸಣ್ಣ ನಾಣ್ಯ. ಸುಡುವುದೂ ಇತ್ತು, ಹೂಳುವುದೂ ಇತ್ತು, ಒಂದೇ ಕಾಲದಲ್ಲಿ ಎರಡೂ ಇದ್ದವು. ಆಮೇಲೆ ಬಂಧುಗಳ ಊಟ, ಒಂಬತ್ತನೇ ದಿನದ ಎಡೆ, ಮೂವತ್ತನೇ ದಿನದ ಶಾಸ್ತ್ರ. ಗೋರಿಯ ಮೇಲಿಡುವ ಕೆಲವು ದೊಡ್ಡ ಹೂಜಿಗಳ ತಳಕ್ಕೆ ತೂತಿರುತ್ತಿತ್ತು, ಎರೆದದ್ದು ಒಳಗಿನವರಿಗೆ ಇಳಿಯಲಿ ಎಂದು. ಹಿರೇಬೆಣಕಲ್ಲಿನ ಕಿಂಡಿಗೂ ನಾವು ಗುಡ್ಡೆಯ ಮೇಲೆ ಎರೆಯುವ ಹಾಲು ತುಪ್ಪಕ್ಕೂ ಇದು ದೂರದ ಸಂಗತಿಯಲ್ಲ.

ಕೂಸುಗಳ ವಿಷಯದಲ್ಲಂತೂ ಮಡಕೆಯೇ ಎಲ್ಲೆಡೆ. ಅಸ್ಟಿಪಲಾಯ ಎಂಬ ಗ್ರೀಕ್ ದ್ವೀಪದ ಒಂದೇ ಜಾಗದಲ್ಲಿ ಮಡಕೆಯೊಳಗಿಟ್ಟು ಹೂತ ಎರಡು ಸಾವಿರಕ್ಕೂ ಹೆಚ್ಚು ಎಳೆಕೂಸುಗಳು ಸಿಕ್ಕಿವೆ. ನಮ್ಮ ಬ್ರಹ್ಮಗಿರಿ, ಬಳ್ಳಾರಿ ಜಿಲ್ಲೆಯ ತೆಕ್ಕಲಕೋಟೆಗಳಲ್ಲಿ ಕಲ್ಲುಕೋಣೆಗಳಿಗಿಂತ ಹಳೆಯದಾದ ನವಶಿಲಾಯುಗದ ಜನ ಕೂಸುಗಳನ್ನು ಮಡಕೆಯಲ್ಲಿಟ್ಟು ವಾಸದ ಜಾಗದಲ್ಲೇ ಹೂತಿದ್ದಾರೆ. ಅಷ್ಟು ಚಿಕ್ಕವರನ್ನು ಊರಾಚೆ ಬಿಟ್ಟುಬರಲು ಮನಸ್ಸಾಗಲಿಲ್ಲವೇನೋ.

ಅಥೆನ್ಸಿನವರು ಎಣ್ಣೆ ಅರ್ಪಿಸುತ್ತಿದ್ದ ಬಿಳಿಬಣ್ಣದ ಉದ್ದ ಕುತ್ತಿಗೆಯ ಕುಪ್ಪಿಗಳಲ್ಲಿ ಒಂದು ಚಮತ್ಕಾರವುಂಟು. ಹೊರಗಿನಿಂದ ನೋಡಿದರೆ ತುಂಬು ಕುಪ್ಪಿ. ಕೆಲವನ್ನು ಪರೀಕ್ಷಿಸಿದಾಗ ಕುತ್ತಿಗೆಯ ಕೆಳಗೆ ಗುಟ್ಟಾಗಿ ಕೂಡಿಸಿದ ಚಿಕ್ಕ ಬಟ್ಟಲು ಕಂಡಿತು. ಅದಷ್ಟೇ ತುಂಬಿದರೆ ಬಾಯಿತನಕ ಎಣ್ಣೆ ಇದ್ದಂತೆ ಕಾಣುತ್ತದೆ, ಉಳಿದದ್ದೆಲ್ಲ ಪೊಳ್ಳು. ಸತ್ತವರಿಗೂ ಮೋಸ, ನೆರೆಯವರಿಗೂ ಮೋಸ, ಎಣ್ಣೆ ಉಳಿತಾಯ. ಇದನ್ನು ಓದಿದ ದಿನದಿಂದ ಅಥೆನ್ಸಿನವರು ನನಗೆ ಪುಸ್ತಕದ ಜನರಾಗಿ ಉಳಿದಿಲ್ಲ.

ದುಂದು ಮಾಡುವವರೂ ಇದ್ದರು. ಅವರಿಗಾಗಿಯೇ ಕಾನೂನು ಬಂತು. ಕ್ರಿಸ್ತಪೂರ್ವ ಆರನೇ ಶತಮಾನದ ಆರಂಭದಲ್ಲಿ ಶಾಸನಕರ್ತ ಸೋಲನ್, ಹೆಂಗಸರು ಕೆನ್ನೆ ಪರಚಿಕೊಂಡು ಅಳಬಾರದು, ಗೋರಿಗೆ ಎತ್ತು ಬಲಿ ಕೊಡಬಾರದು, ಮೂರಕ್ಕಿಂತ ಹೆಚ್ಚು ಬಟ್ಟೆ ಹೂಳಬಾರದು ಎಂದ. ಸ್ವಲ್ಪ ಕಾಲ ತಗ್ಗಿದ ಆಡಂಬರ ಮತ್ತೆ ಏರಿತು. ಕೆರಮೈಕೋಸಿನ ಹೆಸರುವಾಸಿ ಅಮೃತಶಿಲೆಯ ಕೆತ್ತನೆಗಳು ಆ ಏರಿಕೆಯ ಕಾಲದವು.

ಅವುಗಳಲ್ಲಿ ಹೆಗೆಸೊ ಎಂಬಾಕೆಯ ಕಲ್ಲು ಕ್ರಿಸ್ತಪೂರ್ವ 400ರ ಆಸುಪಾಸಿನದು. ಕುರ್ಚಿಯ ಮೇಲೆ ಕುಳಿತ ಹೆಂಗಸು ಎದುರಿಗೆ ನಿಂತ ಆಳು ಹಿಡಿದ ಪೆಟ್ಟಿಗೆಯಿಂದ ಒಂದು ಒಡವೆ ಎತ್ತಿಕೊಂಡು ನೋಡುತ್ತಿದ್ದಾಳೆ. ಒಡವೆಯನ್ನು ಬಣ್ಣದಲ್ಲಿ ಬರೆದಿದ್ದರು, ಅದು ಅಳಿಸಿಹೋಗಿ ಈಗ ಬೆರಳುಗಳ ನಡುವೆ ಏನೂ ಇಲ್ಲ. ನೆತ್ತಿಯ ಪಟ್ಟಿಯಲ್ಲಿ ‘ಪ್ರೊಕ್ಸೆನೊಸನ ಹೆಗೆಸೊ’ ಎಂಬ ಬರಹ. ಮಗಳ ಹೆಸರಿದೆ, ಅಪ್ಪನ ಹೆಸರಿದೆ. ಪೆಟ್ಟಿಗೆ ಹಿಡಿದು ನಿಂತವಳ ಹೆಸರಿಲ್ಲ. ಎರಡು ಸಾವಿರದ ನಾನೂರು ವರ್ಷದಿಂದ ಅವಳು ನಿಂತೇ ಇದ್ದಾಳೆ.

ಕ್ರಿಸ್ತಪೂರ್ವ 317ರಲ್ಲಿ ಅಧಿಕಾರಕ್ಕೆ ಬಂದ ಫಲೇರೋನಿನ ಡೆಮೆಟ್ರಿಯೊಸ್ ಈ ಕೆತ್ತನೆಗಳಿಗೇ ತೆರೆ ಎಳೆದ. ಇನ್ನು ಮೇಲೆ ಗೋರಿಗೆ ಮೂರು ಮೊಳ ಮೀರದ ಗಿಡ್ಡ ಕಂಬ, ಇಲ್ಲವೆ ಒಂದು ಹಾಸುಗಲ್ಲು, ಇಲ್ಲವೆ ಒಂದು ನೀರಿನ ಬಾನಿ, ಅಷ್ಟೇ. ಅಥೆನ್ಸಿನ ಶಿಲ್ಪಿಗಳ ಒಂದು ದೊಡ್ಡ ಕಸುಬು ಅಲ್ಲಿಗೆ ನಿಂತಿತು. ಆದರೆ ಆ ಗಿಡ್ಡ ಕಂಬಗಳ ಮೇಲೂ ಹೆಸರು, ಅಪ್ಪನ ಹೆಸರು, ಊರಿನ ಹೆಸರು ಕೊರೆಯುವುದನ್ನು ಬಿಡಲಿಲ್ಲ. ಕಲ್ಲು ಕುಗ್ಗಿತು, ಹೆಸರು ನಿಂತಿತು. ಹಿರೇಬೆಣಕಲ್ಲಿಗೆ ನೇರ ಎದುರಿನ ದಾರಿ.

ಮಣ್ಣು ತಪ್ಪಿದವರು

ಹೂಳುವುದು ತಪ್ಪಿದರೆ ಗ್ರೀಕರು ಕೆರಳುತ್ತಿದ್ದರು. ಕ್ರಿಸ್ತಪೂರ್ವ 406ರಲ್ಲಿ ಅರ್ಗಿನುಸೆಯ ನೌಕಾಯುದ್ಧದಲ್ಲಿ ಗೆದ್ದ ದಂಡನಾಯಕರನ್ನೇ ಅಥೆನ್ಸಿನ ಜನಸಭೆ ಮರಣದಂಡನೆಗೆ ಗುರಿಮಾಡಿತು: ಬಿರುಗಾಳಿಯಲ್ಲಿ ನೀರಿಗೆ ಬಿದ್ದವರನ್ನು ಎತ್ತಿಕೊಂಡು ಬರಲಿಲ್ಲ ಎಂಬುದೇ ತಪ್ಪು. ಊರಿಗೆ ಮರಳಿದ ಆರು ಮಂದಿ ಪ್ರಾಣ ತೆತ್ತರು. ಸೊಫೊಕ್ಲಿಸನ ನಾಟಕಗಳಲ್ಲಿ ಎರಡು ಈ ಹೆಣ ಹೂಳುವ ಜಗಳದ ಸುತ್ತ ತಿರುಗುತ್ತವೆ, ಎರಡೂ ಕನ್ನಡಕ್ಕೆ ಬಂದಿವೆ. ‘ಏಜಾಕ್ಸ್’ ನಾಟಕವನ್ನು ಬಿ.ಎಂ. ಶ್ರೀಕಂಠಯ್ಯನವರು ‘ಅಶ್ವತ್ಥಾಮನ್’ ಮಾಡಿದರು, ‘ಅಂತಿಗೊನೆ’ಯನ್ನು ಲಂಕೇಶ್ ತಂದರು.

ಯುದ್ಧದಲ್ಲಿ ಸತ್ತವರಿಗೆ ಊರಿನ ಖರ್ಚಿನಲ್ಲೇ ಮಣ್ಣು. ಬುಡಕಟ್ಟಿಗೊಂದರಂತೆ ಹತ್ತು ಸೈಪ್ರಸ್ ಮರದ ಪೆಟ್ಟಿಗೆಗಳಲ್ಲಿ ಮೂಳೆ, ಸಿಗದವರಿಗಾಗಿ ಹೊದಿಸಿದ ಒಂದು ಖಾಲಿ ಮಂಚ. ಅಥೆನ್ಸಿನ ನಾಯಕ ಪೆರಿಕ್ಲಿಸನ ಪ್ರಸಿದ್ಧ ಭಾಷಣ ಇಂಥ ಒಂದು ಮಣ್ಣಿನದೇ. ಮರುವರ್ಷ, ಕ್ರಿಸ್ತಪೂರ್ವ 430ರಲ್ಲಿ, ಪಿಡುಗು ಬಡಿಯಿತು. ಕಂಡವರ ಚಿತೆಯ ಮೇಲೆ ತಮ್ಮವರ ಹೆಣ ಎಸೆದು ಓಡಿಹೋಗುತ್ತಿದ್ದರೆಂದು ಇತಿಹಾಸಕಾರ ಥುಸಿಡಿಡೀಸ್ ಬರೆದದ್ದನ್ನು ಉತ್ಪ್ರೇಕ್ಷೆ ಎಂದುಕೊಂಡವರೂ ಇದ್ದರು. 1990ರ ದಶಕದಲ್ಲಿ ಮೆಟ್ರೊ ರೈಲಿಗಾಗಿ ಕೆರಮೈಕೋಸಿನ ಬದಿಯಲ್ಲಿ ಅಗೆದಾಗ ಆ ಕಾಲದ ಒಂದು ಗುಂಡಿ ತೆರೆದುಕೊಂಡಿತು. ಸುಮಾರು 150 ದೇಹಗಳು, ಕೆಳಗಿನವು ಸ್ವಲ್ಪ ಸಾಲಾಗಿ, ಮೇಲಕ್ಕೆ ಬಂದಂತೆ ಹೇಗೆ ಬಿದ್ದವೋ ಹಾಗೆ. 2020, 2021ರಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಬಂದ ತಮ್ಮವರನ್ನು ದೂರ ನಿಂತು ನೋಡಿದವರಿಗೆ ಆ ಗುಂಡಿಯ ಮೇಲುಪದರ ಅರ್ಥವಾಗಲು ಟಿಪ್ಪಣಿ ಬೇಕಿಲ್ಲ.

ನಮ್ಮ ನಾಡಿನಲ್ಲಿ ಸತ್ತವರ ಹೆಸರು ಕಲ್ಲಿಗೆ ಬಂದದ್ದು ವೀರಗಲ್ಲಿನ ಮೂಲಕ, ಹಿರೇಬೆಣಕಲ್ಲಿನ ನಂತರ ಬಹು ಶತಮಾನ ಕಳೆದು. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ಅಪ್ಸರೆಯರು, ಮೇಲೆ ಲಿಂಗ. ಕ್ರಿಸ್ತಪೂರ್ವ 394ರಲ್ಲಿ ಇಪ್ಪತ್ತರ ಹರೆಯದಲ್ಲಿ ಸತ್ತ ಅಥೆನ್ಸಿನ ಕುದುರೆ ಸವಾರ ಡೆಕ್ಸಿಲಿಯೋಸನ ಕಲ್ಲನ್ನು ನಮ್ಮ ಯಾವುದಾದರೂ ಹಳ್ಳಿಯ ಈಶ್ವರ ಗುಡಿಯ ಮುಂದೆ ನಿಲ್ಲಿಸಿದರೆ ಊರವರು ಕುಂಕುಮ ಹಚ್ಚಿಯೇಬಿಡುತ್ತಾರೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ 950ರ ಸುಮಾರಿನ ಕಲ್ಲು ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯದು. ನಾಯಿಗೂ ಹೆಸರು ಸಿಕ್ಕಿತು. ಆದರೆ ಕಲ್ಲು ನಿಲ್ಲುತ್ತಿದ್ದದ್ದು ಧಣಿಗಾಗಿ, ಊರಿಗಾಗಿ, ತುರುವಿಗಾಗಿ ಸತ್ತರೆ. ಜ್ವರ ಬಂದು, ಹೆರಿಗೆಯಲ್ಲಿ, ಹಸಿದು ಸತ್ತವರಿಗೆ ನಿಲ್ಲಲಿಲ್ಲ.

1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯೆದುರು ಸತ್ತ ಧಾರವಾಡದ ಕಲೆಕ್ಟರ್ ಥ್ಯಾಕರೆಗೆ ಧಾರವಾಡದಲ್ಲಿ ಸ್ಮಾರಕ ಎದ್ದಿತು. ಚೆನ್ನಮ್ಮನ ಸಮಾಧಿ ಬೈಲಹೊಂಗಲದಲ್ಲಿದೆ. ಎರಡೂ ಕಡೆ ಆ ದಿನ ಬಿದ್ದ ಸಿಪಾಯಿಗಳು ಮಾತ್ರ ಮಣ್ಣಿನ ಪಾಲು.

ಕುಣಿ ತೋಡಿದವರನ್ನಂತೂ ಯಾವ ಕಾಲವೂ ಬರೆದಿಟ್ಟಿಲ್ಲ. ನಮ್ಮ ಊರುಗಳಲ್ಲಿ ಹಲಗೆ ಬಡಿಯುವುದು, ಸಾವಿನ ಸುದ್ದಿ ಹೊತ್ತು ಹಳ್ಳಿ ಹಳ್ಳಿಗೆ ನಡೆಯುವುದು, ಕುಣಿ ತೋಡುವುದು ದಲಿತರ ಕೊರಳಿಗೆ ಕಟ್ಟಿದ ಬಿಟ್ಟಿ ಚಾಕರಿಯಾಗಿತ್ತು. ಊರಿಗೆಲ್ಲ ಕುಣಿ ತೋಡಿದವರಿಗೇ ತಮ್ಮವರನ್ನು ಹೂಳಲು ಜಾಗವಿಲ್ಲದ ಹಳ್ಳಿಗಳು ಇಂದೂ ಇವೆ. ಹಳ್ಳದ ದಂಡೆಯಲ್ಲಿ, ರಸ್ತೆ ಬದಿಯಲ್ಲಿ ಮಣ್ಣು ಮಾಡಿ ಬರುತ್ತಾರೆ. ಊರೂರಿಗೂ ಸ್ಮಶಾನದ ಜಾಗ ಕೊಡಿ ಎಂದು 2019ರಲ್ಲಿ ಹೈಕೋರ್ಟು ಸರ್ಕಾರಕ್ಕೆ ಹೇಳಬೇಕಾಯಿತು. ಊರಿಗೊಂದು ಜಾಗ ಎಂದರೂ ಅದರೊಳಗೆ ಯಾವ ಮೂಲೆ ಯಾರದು ಎಂಬುದು ಮತ್ತೆ ಜಾತಿಯದೇ ಲೆಕ್ಕ. ದೊಡ್ಡ ಊರಿನಲ್ಲಿ ಚಿಂತೆ ಬೇರೆ. ಹುಬ್ಬಳ್ಳಿಯಂಥಲ್ಲಿ ಊರ ಹೊರಗಿದ್ದ ರುದ್ರಭೂಮಿಗಳು ಬಡಾವಣೆಗಳ ನಡುವೆ ಸಿಕ್ಕಿಕೊಂಡಿವೆ. ಹೊಸ ಕುಣಿಗೆ ಸಲಿಕೆ ಹಾಕಿದರೆ ಹಳೆಯ ಮೂಳೆ ತಾಗುತ್ತದೆ. ಇದರ ನಡುವೆ ಗ್ರಾನೈಟ್ ಹಾಸಿ, ಫೋಟೋ ಕೂಡಿಸಿ, ಹುಟ್ಟಿದ ತಾರೀಖು ಸತ್ತ ತಾರೀಖು ಕೊರೆಸಿ ಕಾಯಂ ಗೋರಿ ಕಟ್ಟಿಸುವ ಆಸೆ ಉಳ್ಳವರಲ್ಲಿ ಬೆಳೆಯುತ್ತಿದೆ. ಅವರ ದುಃಖ ಸುಳ್ಳಲ್ಲ. ಆದರೆ ಒಂದು ಕಾಯಂ ಗೋರಿ ಮುಂದೆ ಬರುವ ಹತ್ತು ಜನರ ಜಾಗ ತಿನ್ನುತ್ತದೆ. ಮೂರು ಮೊಳದ ಡೆಮೆಟ್ರಿಯೊಸ್ ಇಲ್ಲಿನ ಪಾಲಿಕೆಯಲ್ಲಿ ಒಬ್ಬ ಬೇಕಿತ್ತು ಎನ್ನುವವನು ನಾನು.

ಹಿರೇಬೆಣಕಲ್ ಯುನೆಸ್ಕೊದ ವಿಶ್ವ ಪರಂಪರೆಯ ಸಂಭಾವ್ಯ ಪಟ್ಟಿಗೆ ಸೇರಿದ್ದು 2021ರಲ್ಲಿ. ಭಾರತೀಯ ಪುರಾತತ್ವ ಇಲಾಖೆಯ ಸುಪರ್ದಿಯಲ್ಲಿದೆ. ನಿಧಿಯಾಸೆಗೆ ಎಬ್ಬಿಸಿದ, ಬಿದ್ದು ಎರಡಾದ ಚಪ್ಪಡಿಗಳು ಅಲ್ಲಲ್ಲಿ ಕಾಣುತ್ತವೆ. ಒಳಗಿದ್ದದ್ದು ಮೂಳೆ, ಮಡಕೆ, ತುಕ್ಕು ಹಿಡಿದ ಕಬ್ಬಿಣ ಎಂದು ನಿಧಿಗಳ್ಳರಿಗೆ ಯಾರು ಹೇಳಬೇಕು. ಕೆಲವು ಬಂಡೆಗಳಡಿ ಕೆಮ್ಮಣ್ಣಿನಲ್ಲಿ ಬರೆದ ಜಿಂಕೆ, ಕುದುರೆ, ಬೇಟೆ, ಕೈಹಿಡಿದು ಕುಣಿಯುವ ಮಂದಿಯ ಚಿತ್ರಗಳಿವೆ. ಅವನ್ನು ಮುಟ್ಟಬಾರದು, ಫೋಟೋ ಚೆನ್ನಾಗಿ ಬರಲೆಂದು ನೀರು ಹಾಕಬಾರದು. ಹೋಗುವವರು ದೀಪಾವಳಿಯಿಂದ ಶಿವರಾತ್ರಿಯೊಳಗೆ ಹೋಗಿ, ಬೆಳಿಗ್ಗೆ ಬೇಗ ಏರಿ. ಹನ್ನೊಂದರ ಮೇಲೆ ಬಂಡೆ ಕಾಯುತ್ತದೆ, ನೆರಳು ಕಡಿಮೆ. ಊರಿನಿಂದ ದಾರಿ ಬಲ್ಲವರೊಬ್ಬರನ್ನು ಕರೆದುಕೊಂಡು, ನೀರು ಹೊತ್ತುಕೊಂಡು ನಡೆಯಿರಿ. ಕಲ್ಲಿನ ನಗಾರಿಯ ಬಂಡೆ ಹತ್ತುವ ಸಾಹಸ ಬೇಡ, ಕೆಳಗಿನಿಂದಲೇ ಚೆನ್ನಾಗಿ ಕಾಣುತ್ತದೆ.